ಡಿಸ್ಕ್ ಸಮಸ್ಯೆಯಾದ ನಾಯಿಯನ್ನು ಮನೆಯಲ್ಲೇ ನೋಡಿಕೊಂಡವರು ದಯವಿಟ್ಟು ಹೇಳಿ

ಚಿನ್ನುವಿನ ಅಮ್ಮ:
ನಮ್ಮ ಚಿನ್ನು ಐದು ವರ್ಷದ ಡ್ಯಾಶ್‌ಹಂಡ್. ಮಂಚದಿಂದ ಹಾರಿದವಳೇ ಕಿರುಚಿಕೊಂಡಳು. ಮರುದಿನ ಹಿಂಗಾಲು ಓಲಾಡುತ್ತಿತ್ತು, ಸಂಜೆಗೆ ಎದ್ದು ನಿಲ್ಲಲೂ ಆಗಲಿಲ್ಲ. ಕಾಲು ಸ್ವಲ್ಪ ಆಡಿಸುತ್ತಾಳೆ, ಬೆರಳು ಗಟ್ಟಿಯಾಗಿ ಹಿಸುಕಿದರೆ ತಿರುಗಿ ನೋಡುತ್ತಾಳೆ. ಆಪರೇಷನ್ ನಮ್ಮ ಕೈಲಿ ಆಗುವುದಿಲ್ಲ. ಆರು ವಾರ ಓಡಾಡದ ಹಾಗೆ ಕ್ರೇಟ್‌ನಲ್ಲಿ, ಅಂದರೆ ನಾಯಿಯನ್ನಿಡುವ ಚಿಕ್ಕ ಪಂಜರದಲ್ಲಿ, ಇಟ್ಟು ಮಾತ್ರೆ ಕೊಡಿ ಎಂದಿದ್ದಾರೆ ಡಾಕ್ಟರ್. ಇವತ್ತು ಮೂರನೇ ದಿನ. ರಾತ್ರಿಯಿಡೀ ಅಳುತ್ತಾಳೆ, ಜೊತೆಗೆ ನಾನೂ. ಮಂಚ ಹತ್ತಲು ಬಿಟ್ಟದ್ದು ನನ್ನದೇ ತಪ್ಪು ಅನಿಸುತ್ತಿದೆ. ಈ ದಿನಗಳನ್ನು ನೀವು ಹೇಗೆ ಕಳೆದಿರಿ?

ರಾಜನ ಮನೆಯವರು:
ಮೊದಲು ತಪ್ಪಿನ ಮಾತು. ಡಿಸ್ಕ್ ಅಂದರೆ ಬೆನ್ನಿನ ಎರಡು ಮೂಳೆಗಳ ನಡುವಿನ ಮೆತ್ತೆ. ಈ ಗಿಡ್ಡ ಕಾಲಿನ ತಳಿಗಳಲ್ಲಿ ಅದರೊಳಗಿನ ಲೋಳೆ ಚಿಕ್ಕ ವಯಸ್ಸಿಗೇ ಒಣಗಿ ಗಟ್ಟಿಯಾಗುತ್ತಾ ಹೋಗುತ್ತದೆ. ಒಂದು ದಿನ ಹೊರಗಿನ ಸುತ್ತು ಹರಿದು, ಒಳಗಿದ್ದದ್ದು ಮೇಲಕ್ಕೆ ಚಿಮ್ಮಿ ಬೆನ್ನುಹುರಿಯನ್ನು ಒತ್ತುತ್ತದೆ. ಒಳಗೊಳಗೇ ಎಷ್ಟೋ ಕಾಲದಿಂದ ನಡೆಯುತ್ತಿದ್ದದ್ದು ಅದು. ಮಂಚ ಒಂದು ನೆಪ ಅಷ್ಟೆ.

ನಾವು ಮಾಡಿದ ದೊಡ್ಡ ತಪ್ಪು ಬೇರೆ. ರಾಜನಿಗೆ ಹತ್ತನೇ ದಿನಕ್ಕೆ ನೋವು ಹೋಯಿತು, ಬಾಲ ಅಲ್ಲಾಡಿಸಿದ, ನಡೆದ. "ಪಾಪ, ಸಾಕು" ಎಂದು ಹೊರಗೆ ಬಿಟ್ಟೆವು. ಬಾಗಿಲ ಗಂಟೆ ಕೇಳಿ ಒಂದೇ ಓಟ ಓಡಿದ. ಅಲ್ಲೇ ಬಿದ್ದ. ಈ ಸಲ ಮೊದಲಿಗಿಂತ ಕೆಟ್ಟದಾಗಿತ್ತು. ಮಾತ್ರೆ ನೋವು, ಊತ ಇಳಿಸುತ್ತದೆ. ಹರಿದ ಸುತ್ತು ಕೂಡಿಕೊಳ್ಳಲು ವಾರಗಳೇ ಬೇಕು. ನೋವಿಲ್ಲದ ನಾಯಿಗೆ ತಾನಿನ್ನೂ ವಾಸಿಯಾಗಿಲ್ಲ ಎಂದು ಹೇಗೆ ಗೊತ್ತಾಗಬೇಕು? ಅದಕ್ಕೇ ಎರಡನೇ, ಮೂರನೇ ವಾರವೇ ನನಗೆ ಭಯದ ಕಾಲ. ಎರಡನೇ ಸಲ ದಿನ ಎಣಿಸಿ ಪೂರ್ತಿ ಆರು ವಾರ ಇಟ್ಟೆವು. ಈಗ ಸ್ವಲ್ಪ ಓಲಾಡುತ್ತಾ ನಡೆಯುತ್ತಾನೆ.

ಕ್ರೇಟ್ ಎಷ್ಟು ದೊಡ್ಡದಿರಬೇಕು ಅಂದರೆ, ಎದ್ದು ನಿಲ್ಲಬೇಕು, ತಿರುಗಬೇಕು, ಕಾಲು ಚಾಚಿ ಮಲಗಬೇಕು. ಅದಕ್ಕಿಂತ ಜಾಸ್ತಿ ಬೇಡ. ನಾವು ಅದನ್ನು ಮನೆಯವರೆಲ್ಲ ಕೂರುವ ಜಾಗದಲ್ಲೇ ಇಟ್ಟೆವು, ರಾತ್ರಿ ಪಕ್ಕದಲ್ಲೇ ನೆಲಕ್ಕೆ ಹಾಸಿಗೆ ಹಾಕಿಕೊಂಡೆವು. ಹೊರಗೆ ತೆಗೆಯುವುದು ಉಚ್ಚೆ, ಕಕ್ಕಕ್ಕೆ ಮಾತ್ರ. ಕುತ್ತಿಗೆ ಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್ ಇರಲಿ. ಹೊಟ್ಟೆಯ ಕೆಳಗೆ, ಹಿಂಗಾಲಿನ ಹತ್ತಿರಕ್ಕೆ ಬರುವಂತೆ, ಅಗಲವಾದ ಟವೆಲ್ ಹಾಯಿಸಿ ಎರಡೂ ತುದಿ ಹಿಡಿದುಕೊಳ್ಳಿ. ಎತ್ತುವಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಸೊಂಟದ ಕೆಳಗೆ. ಬೆನ್ನು ಹಲಗೆಯ ಹಾಗೆ ನೆಟ್ಟಗಿರಬೇಕು. ಕಂಕುಳಿಗೆ ಕೈ ಹಾಕಿ ಮಗುವಿನ ಹಾಗೆ ಎತ್ತಲೇಬಾರದು.

ಅವಳು ಅಳುವುದು ಬೇಜಾರಿಗೆ ಎಂದು ಈಗಲೇ ತೀರ್ಮಾನಿಸಬೇಡಿ. ನಡುಗುತ್ತಾಳಾ? ಬೆನ್ನು ಗೂನು ಮಾಡುತ್ತಾಳಾ? ಹೊಟ್ಟೆ ಗಟ್ಟಿ ಹಿಡಿದಿದ್ದಾಳಾ? ಹಾಗಿದ್ದರೆ ಅದು ನೋವು. ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ಬದಲಿಸಬೇಕಾಗಬಹುದು. ನೀವಾಗಿ ಏನೂ ಸೇರಿಸಬೇಡಿ. ಮನುಷ್ಯರ ನೋವಿನ ಮಾತ್ರೆ ನಾಯಿಗೆ ವಿಷವಾಗಬಹುದು. ಸ್ಟೀರಾಯ್ಡ್ ಕೊಡುತ್ತಿದ್ದರೆ ಅದರ ಜೊತೆ ಬೇರೆ ಊತದ ಮಾತ್ರೆ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಬರಬಹುದು. ಕಕ್ಕ ಕಪ್ಪಗೆ ಡಾಂಬರಿನ ಹಾಗಿದ್ದರೆ ಕಾಯಬೇಡಿ.

ಬೆಳ್ಳಿಯ ಅಕ್ಕ:
ಎಲ್ಲರೂ ಕಾಲನ್ನೇ ನೋಡುತ್ತಾರೆ. ನಾನು ಕೇಳುವುದು, ಚಿನ್ನು ಉಚ್ಚೆ ಮಾಡುತ್ತಿದ್ದಾಳಾ?

ನಮ್ಮ ಬೆಳ್ಳಿಯ ಹಾಸಿಗೆ ಯಾವಾಗಲೂ ಒದ್ದೆ ಇರುತ್ತಿತ್ತು. ಸದ್ಯ, ಉಚ್ಚೆಯಾದರೂ ಆಗುತ್ತಿದೆಯಲ್ಲ ಎಂದು ಸಮಾಧಾನ ಪಟ್ಟೆ. ಆದರೆ ಅದು ಮೂತ್ರಚೀಲ ತುಂಬಿ ಸೋರುತ್ತಿದ್ದದ್ದು. ಖಾಲಿ ಮಾಡುವ ಶಕ್ತಿಯೇ ಅವಳಿಗಿರಲಿಲ್ಲ. ಸೋಂಕಾಗಿ ಜ್ವರ ಬಂದ ಮೇಲೆ ಗೊತ್ತಾಯಿತು. ಎತ್ತಿದಾಗ ಹನಿ ಬಿದ್ದರೆ, ಹೊಟ್ಟೆಯ ಹಿಂಭಾಗದಲ್ಲಿ ಬಲೂನಿನಂಥದ್ದು ಕೈಗೆ ಸಿಕ್ಕರೆ ಇವತ್ತೇ ತೋರಿಸಿ.

ಕೈಯಿಂದ ಒತ್ತಿ ಖಾಲಿ ಮಾಡುವುದನ್ನು ಡಾಕ್ಟರ್ ಎದುರಿಗೇ, ನಿಮ್ಮ ಕೈ ಮೇಲೆ ಅವರ ಕೈ ಇಟ್ಟು ಕಲಿಯಿರಿ. ಓದಿ ಬರುವ ವಿದ್ಯೆ ಅಲ್ಲ. ನಾನು ದಿನಕ್ಕೆ ನಾಲ್ಕು ಸಲ ಮಾಡುತ್ತಿದ್ದೆ. ಹಿಂದಿನಿಂದ ಎರಡೂ ಅಂಗೈಯಲ್ಲಿ ಹೊಟ್ಟೆ ಹಿಡಿದು, ನಿಧಾನವಾಗಿ, ಒಂದೇ ಸಮನಾಗಿ ಒತ್ತಬೇಕು. ಥಟ್ಟನೆ ಹಿಸುಕಬಾರದು. ಮೊದಲ ಎರಡು ದಿನ ಒಂದು ಹನಿಯೂ ಬರಲಿಲ್ಲ, ಅತ್ತುಬಿಟ್ಟೆ. ಮೂರನೇ ದಿನ ಧಾರೆ ಬಂದಾಗ ಆದ ಖುಷಿ ಬೇರೆಯವರಿಗೆ ಹೇಳಿದರೆ ಅರ್ಥವಾಗುವುದಿಲ್ಲ. ಉಚ್ಚೆ ವಾಸನೆ ಹೊಡೆದರೆ, ಮಬ್ಬಾಗಿದ್ದರೆ, ಕೆಂಪಗಿದ್ದರೆ ಪರೀಕ್ಷೆ ಮಾಡಿಸಿ.

ಮಗ್ಗುಲು ಬದಲಿಸುವುದನ್ನೂ ಮರೆಯಬೇಡಿ. ನಾಲ್ಕು ಗಂಟೆಗೊಮ್ಮೆ ಬದಲಿಸುತ್ತಿದ್ದೆ. ಸೊಂಟದ ಮೂಳೆ, ಮೊಣಕೈ ದಿನಾ ಕೈಯಾಡಿಸಿ ನೋಡಿ, ಒದ್ದೆ ಬಟ್ಟೆ ಆಗಿಂದಾಗ್ಗೆ ತೆಗೆಯಿರಿ.

ಟೈಗರ್‌ನ ಅಪ್ಪ:
ಬೆರಳು ಹಿಸುಕಿದರೆ ತಿರುಗಿ ನೋಡುತ್ತಾಳೆ ಎಂದಿರಲ್ಲ, ಅದು ನಿಮ್ಮ ಹತ್ತಿರ ಇರುವ ಒಳ್ಳೆಯ ಸುದ್ದಿ. ಒಂದು ಎಚ್ಚರಿಕೆ ಮಾತ್ರ. ಕಾಲು ಹಿಂದಕ್ಕೆಳೆದುಕೊಂಡರೆ ನೋವು ಗೊತ್ತಾಯಿತು ಎಂದಲ್ಲ. ಮಿದುಳಿಗೆ ಸುದ್ದಿ ಮುಟ್ಟದಿದ್ದರೂ ಕಾಲು ತಾನಾಗಿ ಎಳೆದುಕೊಳ್ಳುತ್ತದೆ. ತಲೆ ತಿರುಗಿಸಬೇಕು, ಕೂಗಬೇಕು, ಕಚ್ಚಲು ಬರಬೇಕು. ಟೈಗರ್ ವಿಷಯದಲ್ಲಿ ನಾನು ಇದನ್ನು ತಪ್ಪು ತಿಳಿದುಕೊಂಡು ಒಂದಿಡೀ ರಾತ್ರಿ ಕಳೆದುಕೊಂಡೆ.

ಕಾಲು ಆಡುವುದು ಪೂರ್ತಿ ನಿಂತರೆ, ನೋವೇ ಗೊತ್ತಾಗದಿದ್ದರೆ, ಕ್ರೇಟ್ ನಂಬಿ ಕೂರಬೇಡಿ. ಬೆಳಗಾಗಲಿ ಎನ್ನಲೂಬೇಡಿ. ನೋವು ಗೊತ್ತಾಗುವ ಹಂತದಲ್ಲಿ ಆಪರೇಷನ್ ಆದ ನಾಯಿಗಳಲ್ಲಿ ಹೆಚ್ಚಿನವು ಮತ್ತೆ ನಡೆಯುತ್ತವೆ. ಅದು ಹೋದ ಮೇಲೆ ಸುಮಾರು ಅರ್ಧದಷ್ಟು ಮಾತ್ರ. ಹಣದ ಕಷ್ಟ ನನಗೂ ಗೊತ್ತು. ಆದರೂ ಆ ಸ್ಥಿತಿ ಬಂದರೆ ಎಲ್ಲಿಗೆ ಒಯ್ಯಬೇಕು, ಎಷ್ಟಾಗುತ್ತದೆ, ಕಂತಿನಲ್ಲಿ ಕಟ್ಟಬಹುದಾ ಎಂದು ಈಗಲೇ ಕೇಳಿಟ್ಟುಕೊಳ್ಳಿ.

ಮುತ್ತುವಿನ ಮನೆ:
ಮುತ್ತು ಮತ್ತೆ ನಡೆಯಲಿಲ್ಲ. ನಾಲ್ಕು ವರ್ಷದಿಂದ ಎರಡು ಚಕ್ರದ ಗಾಡಿಯಲ್ಲಿ ಓಡುತ್ತಾನೆ. ಉಣ್ಣುತ್ತಾನೆ, ಆಡುತ್ತಾನೆ, ಬೆಕ್ಕನ್ನು ಅಟ್ಟುತ್ತಾನೆ. ಅವನನ್ನು ನೋಡಿ ಪಾಪ ಅನ್ನುವವರಿಗೆ ಐದು ನಿಮಿಷ ಕೂತು ನೋಡಿ ಎನ್ನುತ್ತೇನೆ.

ಚಿನ್ನುವಿನ ಅಮ್ಮ:
ಬೆಳ್ಳಿಯ ಅಕ್ಕ, ನಿಮ್ಮ ಮಾತು ಓದಿ ಹೊಟ್ಟೆ ಮುಟ್ಟಿ ನೋಡಿದೆ, ಗಟ್ಟಿಯಾಗಿ ತುಂಬಿತ್ತು. ಕೂಡಲೇ ಕರೆದುಕೊಂಡು ಹೋದೆವು. ನಳಿಕೆ ಹಾಕಿ ಖಾಲಿ ಮಾಡಿದರು, ಒತ್ತುವುದನ್ನು ಹೇಳಿಕೊಟ್ಟರು. ನೋವಿನ ಮಾತ್ರೆಯೂ ಬದಲಾಯಿತು. ರಾತ್ರಿ ಅಳಲಿಲ್ಲ, ಮಲಗಿದಳು. ಕಾಲಿಗೆ ಮಸಾಜ್, ವ್ಯಾಯಾಮ ಶುರು ಮಾಡಬಹುದಾ?

ರಾಜನ ಮನೆಯವರು:
ಇನ್ನೂ ಬೇಡ. ನಮಗೆ ಮೊದಲ ಎರಡು ವಾರ ಏನೂ ಬೇಡ ಎಂದಿದ್ದರು. ಆಮೇಲೆ ಮಲಗಿಸಿಕೊಂಡೇ ಕಾಲನ್ನು ಮೆಲ್ಲಗೆ ಮಡಚಿ ಬಿಡಿಸುವುದು ಕಲಿಸಿದರು. ನಿಮ್ಮ ಡಾಕ್ಟರ್ ಸರಿ ಎಂದ ದಿನವೇ ಶುರು ಮಾಡಿ. ಅಲ್ಲಿಯವರೆಗೆ ಊಟವನ್ನು ತಟ್ಟೆಯಲ್ಲಿ ಕೊಡುವ ಬದಲು ಬಟ್ಟೆಯ ಮಡಿಕೆಗಳಲ್ಲಿ ಅಡಗಿಸಿ ಕೊಡಿ. ಮೂಸಿ ಮೂಸಿ ಹುಡುಕುತ್ತಾ ಅರ್ಧ ಗಂಟೆ ಕಳೆಯುತ್ತಾಳೆ. ಅಳತೆ ಮಾತ್ರ ಸ್ವಲ್ಪ ಕಡಿಮೆ ಇರಲಿ, ತೂಕ ಏರಿದರೆ ಆ ಬೆನ್ನಿಗೇ ಭಾರ. ಜಾರುವ ನೆಲಕ್ಕೆಲ್ಲ ಈಗಲೇ ಚಾಪೆ ಹಾಸಲು ಶುರು ಮಾಡಿ, ಆರು ವಾರದ ಮೇಲೆ ಅವಳು ಕಾಲಿಡುವುದು ಅಲ್ಲೇ ಅಲ್ವಾ.