ಪದಚರ್ಚೆ: ‘ಸೀಡ್ ಲೇಸರ್’ ಬೀಜವೋ, ಹೆಪ್ಪೋ?

ಪ್ರಶ್ನೆ: ಬಾಹ್ಯಾಕಾಶದಿಂದ ಗಾಳಿ ಅಳೆಯಲು ಯುರೋಪಿನವರು 2018ರಲ್ಲಿ ಹಾರಿಸಿದ ಐಯೋಲಸ್ ಉಪಗ್ರಹದ ಬಗ್ಗೆ ಬರೆಯುತ್ತಿದ್ದೇನೆ. ‘ಸೀಡ್ ಲೇಸರ್’ಗೆ ‘ಬೀಜ ಲೇಸರ್’ ಎನ್ನಬಹುದೇ? ‘ಲೇಸರ್ ಇಂಡ್ಯೂಸ್ಡ್ ಕಂಟ್ಯಾಮಿನೇಶನ್’ಗೆ ‘ಲೇಸರ್‌ಜನ್ಯ ಮಾಲಿನ್ಯ’ ಸರಿಯೇ? ಬಲ್ಲವರು ತಿಳಿಸಿ.

ಉತ್ತರ: ‘ಬೀಜ’ ಬೇಡ. ಬೀಜ ತಾನೇ ಮೊಳೆತು ಗಿಡವಾಗುತ್ತದೆ. ಇಲ್ಲಿ ಶಕ್ತಿಯೆಲ್ಲ ಗಾಳಿಯತ್ತ ಬೆಳಕು ಚಿಮ್ಮಿಸುವ ದೊಡ್ಡ ಲೇಸರಿನದು. ಅದನ್ನು ಅದರ ಪಾಡಿಗೆ ಬಿಟ್ಟರೆ ಒಂದೇ ಮಿಡಿತದಲ್ಲಿ (ಪಲ್ಸ್) ಅಕ್ಕಪಕ್ಕದ ಹಲವು ಆವರ್ತನಗಳು ಕಲೆತು ಬರುತ್ತವೆ. ಹಾಗಾಗದಂತೆ ಒಂದೇ ಆವರ್ತನದ ಪುಟ್ಟ ಲೇಸರಿನ ಮಂದ ಬೆಳಕನ್ನು ಮೊದಲೇ ಒಳಗೆ ಬಿಟ್ಟಿರುತ್ತಾರೆ. ಮಿಡಿತ ಪೂರ್ತಿ ಅದರ ಗುಣ ಹಿಡಿಯುತ್ತದೆ. ಇದು ಹೆಪ್ಪು ಹಾಕುವ ಕೆಲಸವೇ: ಹಾಲು ಪಾತ್ರೆ ತುಂಬ, ಹೆಪ್ಪು ಅರ್ಧ ಚಮಚ, ಮೊಸರಿನ ರುಚಿ ಮಾತ್ರ ಹೆಪ್ಪಿನದು. ಅದಕ್ಕೇ ‘ಹೆಪ್ಪು ಲೇಸರ್’ ನನಗೆ ಒಪ್ಪಿಗೆ.

ಹಾಲಿನ ಬಿಸಿ ಹದ ತಪ್ಪಿದರೆ ಮೊಸರಾಗದು. ಇಲ್ಲೂ ಅಷ್ಟೆ, ದೊಡ್ಡ ಲೇಸರಿನ ಕನ್ನಡಿಗಳ ನಡುವಿನ ಅಂತರ ಪುಟ್ಟ ಲೇಸರಿನ ಅಲೆಯುದ್ದಕ್ಕೆ ಹೊಂದದಿದ್ದರೆ ಹೆಪ್ಪು ಹತ್ತುವುದಿಲ್ಲ. ಒಂದು ಕನ್ನಡಿಯನ್ನು ಪೀಜೋ ಬಿಲ್ಲೆಯ (ವಿದ್ಯುತ್ ಕೊಟ್ಟರೆ ತುಸುವೇ ಹಿಗ್ಗಿ ಕುಗ್ಗುವ ಬಿಲ್ಲೆ) ಮೇಲೆ ಕೂರಿಸಿ ಅಂತರ ತಿದ್ದುತ್ತಲೇ ಇರಬೇಕು. ಐಯೋಲಸ್‌ನ ದಿಕ್ಕು ತಿದ್ದುವ ಚಕ್ರಗಳು ಕೆಲವು ವೇಗಗಳಲ್ಲಿ ತಿರುಗುವಾಗ ಅದುರಿ ಆವರ್ತನವನ್ನು ಕದಡುತ್ತಿದ್ದವು. ಗಾಳಿ ಬೆಳಕಿನ ಗೆರೆಗುಂಟ ಸೆಕೆಂಡಿಗೆ 1 ಮೀಟರ್ ಚಲಿಸಿದರೆ ಅದಕ್ಕೆ ತಾಗಿ ಮರಳುವ 355 ನ್ಯಾನೋಮೀಟರ್ ಅಲೆಯುದ್ದದ ನೇರಳಾತೀತ ಬೆಳಕಿನ ಆವರ್ತನ ಬದಲಾಗುವುದು ಸುಮಾರು 56 ಲಕ್ಷ ಹರ್ಟ್ಸ್, ಅಂದರೆ 15 ಕೋಟಿಯಲ್ಲಿ ಒಂದು ಪಾಲು. ಹೆಪ್ಪು ಕೆಟ್ಟರೆ ಇಷ್ಟು ಸಣ್ಣ ವ್ಯತ್ಯಾಸ ಕೈಗೆ ಸಿಕ್ಕುವುದಿಲ್ಲ.

ಒಂದು ಎಚ್ಚರಿಕೆ. ಕ್ರಿಯಾಪದವಾಗಿ ‘ಹೆಪ್ಪು ಹಾಕು’ ಎಂದೇ ಬರೆಯಿರಿ. ‘ಹೆಪ್ಪುಗಟ್ಟಿಸು’ ಅಂದರೆ ಓದುಗರಿಗೆ ರಕ್ತವೋ ಮಂಜುಗಡ್ಡೆಯೋ ನೆನಪಾಗುತ್ತದೆ.

ಇನ್ನು ‘ಲೇಸರ್‌ಜನ್ಯ ಮಾಲಿನ್ಯ’. ಓದಿದವರು ಲೇಸರ್ ವಾತಾವರಣ ಕೆಡಿಸುತ್ತದೆ ಅಂದುಕೊಳ್ಳುತ್ತಾರೆ. ಆಗುವುದೇ ಬೇರೆ: ನಿರ್ವಾತದಲ್ಲಿ ಅಂಟು, ಪ್ಲಾಸ್ಟಿಕ್ಕುಗಳಿಂದ ಸಾವಯವ ಆವಿ ಹೊರಡುತ್ತದೆ. ನೇರಳಾತೀತ ಬೆಳಕು ಬೀಳುವ ಗಾಜಿನ ಮೇಲೆ ಅದು ಕಾವಲಿಗೆ ಎಣ್ಣೆ ಸೀದು ಹಿಡಿದ ಹಾಗೆ ಕಪ್ಪಾಗಿ ಕೂರುತ್ತದೆ. ಕಪ್ಪಾದ ಜಾಗ ಇನ್ನಷ್ಟು ಬೆಳಕು ಹೀರಿ ಬಿಸಿಯಾಗುತ್ತದೆ, ಕೊನೆಗೆ ಲೇಪನವೇ ಸುಡಬಹುದು. ಇದಕ್ಕೆ ‘ಕರಿ ಹಿಡಿಯುವುದು’ ಸಾಕು. ಮದ್ದು ಕೂಡ ಈ ಪದಕ್ಕೆ ಒಗ್ಗುತ್ತದೆ: ಗಾಳಿ ಸಾಲದ ದೀಪ ಕರಿ ಕಾರುತ್ತದಲ್ಲ, ಇಲ್ಲೂ ಗಾಜುಗಳ ಸುತ್ತ 40 ಪ್ಯಾಸ್ಕಲ್ ಆಸುಪಾಸಿನ ಒತ್ತಡದ ತೆಳು ಆಮ್ಲಜನಕ ತುಂಬಿದರು, ಕರಿ ಕೂರುವ ಮೊದಲೇ ಉರಿದುಹೋಗಲಿ ಎಂದು.

‘ಕಲ್ಮಶ’ವೂ ತಪ್ಪಲ್ಲ, ಆದರೆ ಅದರಲ್ಲಿ ಈ ಸುಟ್ಟ ವಾಸನೆ ಇಲ್ಲ.