ಇಝಡ್‌ಎಚ್2: ಕಿಣ್ವದ ಕೆಲಸ ನಿಂತರೂ ಕೋಶ ಸಾಯುತ್ತಿಲ್ಲ, ಯಾಕೆ?

ಪಿಪೆಟ್‌ಪ್ರಿಯ: ಎಂಡಿಎ-ಎಂಬಿ-468 ಸ್ತನ ಕ್ಯಾನ್ಸರ್ ಕೋಶಗಳಲ್ಲಿ ಎಸ್‌ಎಚ್‌ಆರ್‌ಎನ್‌ಎ (ಜೀನ್‌ನ ಸದ್ದಡಗಿಸುವ ಹೇರ್‌ಪಿನ್ ಆಕಾರದ ಆರ್‌ಎನ್‌ಎ) ಹಾಕಿ ಇಝಡ್‌ಎಚ್2 (ಹಿಸ್ಟೋನ್ ಎಚ್3ಗೆ ಮಿಥೈಲ್ ಹಚ್ಚಿ ಜೀನ್‌ಗಳ ಬಾಯಿ ಮುಚ್ಚಿಸುವ ಕಿಣ್ವ) ಇಳಿಸಿದರೆ ಬೆಳವಣಿಗೆ ಕುಂಟುತ್ತದೆ. ಅದರ ಕಿಣ್ವದ ಕೆಲಸ ತಡೆಯುವ ಔಷಧ ಟಜೆಮೆಟೊಸ್ಟ್ಯಾಟ್ 1 ಮೈಕ್ರೊಮೋಲಾರ್ ಕೊಟ್ಟರೆ 72 ಗಂಟೆಯಾದರೂ ಜಪ್ಪಯ್ಯ ಅನ್ನುವುದಿಲ್ಲ. ಬ್ಲಾಟ್‌ನಲ್ಲಿ (ಪ್ರೋಟೀನ್ ಪಟ್ಟಿಗಳನ್ನು ನೋಡುವ ಪರೀಕ್ಷೆ) ಎಚ್3ಕೆ27ಎಂಇ3 (ಇಝಡ್‌ಎಚ್2 ಹಚ್ಚುವ ಮಿಥೈಲ್ ಗುರುತು) ಪಟ್ಟಿ ಮಾತ್ರ ಮಾಸಿದೆ. ಔಷಧ ಕೆಟ್ಟಿದೆಯೇ?

ಬ್ಲಾಟ್‌ರಾಯ: ಪಟ್ಟಿ ಮಾಸಿದೆ ಅಂದಮೇಲೆ ಔಷಧ ಸರಿಯಾಗಿಯೇ ಇದೆ. ಮೊದಲು ಅವಧಿ ಹೆಚ್ಚಿಸಿ. ಈ ಮಿಥೈಲ್ ಗುರುತು ಬಹುಮಟ್ಟಿಗೆ ಕೋಶ ಒಡೆದಂತೆಲ್ಲ ತೆಳುವಾಗುತ್ತಾ ಹೋಗುವಂಥದ್ದು, 72 ಗಂಟೆ ಏನಕ್ಕೂ ಸಾಲದು. 12–14 ದಿನ ನಡೆಸಿ. 3–4 ದಿನಕ್ಕೊಮ್ಮೆ ಎಣಿಸಿ, ಮತ್ತೆ ಬಿತ್ತಿ, ಹೊಸ ಔಷಧ ಹಾಕಿ. ಬ್ಲಾಟ್‌ಗೆ ಆಕ್ಟಿನ್ ಅಲ್ಲ, ಒಟ್ಟು ಎಚ್3 ಹೋಲಿಕೆಗಿರಲಿ. ಜೊತೆಗೆ ಕಾರ್ಪಾಸ್-422 ಲಿಂಫೋಮ ಕೋಶಗಳನ್ನೂ ಇಡಿ. ಅವು ಕಿಣ್ವವನ್ನೇ ನೆಚ್ಚಿಕೊಂಡಿವೆ, ನಿಧಾನವಾಗಿಯಾದರೂ ಬಗ್ಗುತ್ತವೆ.

ಆಮೇಲೂ ನಿಮ್ಮ ಕೋಶ ಜಗ್ಗದಿದ್ದರೆ ಪ್ರೋಟೀನಿನ ಇನ್ನೊಂದು ಕೆಲಸದ ಮೇಲೆ ಅನುಮಾನ ಪಡಿ. ಔಷಧ ಕೂರುವುದು ಎಸ್‌ಎಎಂ (ಮಿಥೈಲ್ ಒದಗಿಸುವ ಅಣು) ಕೂರುವ ಗೂಡಿನಲ್ಲಿ ಮಾತ್ರ. ಉಳಿದ ಮೈ ಹಾಗೇ ಇದ್ದು ಜೊತೆಗಾರ ಪ್ರೋಟೀನ್‌ಗಳಾದ ಇಇಡಿ, ಎಸ್‌ಯುಝಡ್12ಗಳನ್ನು ಹಿಡಿದುಕೊಂಡಿರುತ್ತದೆ; ಕೆಲವು ಕ್ಯಾನ್ಸರ್‌ಗಳಲ್ಲಿ ಮಿಕ್‌ನಂಥ, ಕ್ಯಾನ್ಸರ್ ಬೆಳೆಸುವ ಪ್ರೋಟೀನ್‌ಗಳ ಜೊತೆ ಸೇರಿ ಜೀನ್‌ಗಳನ್ನು ಆರಿಸುವ ಬದಲು ಹೊತ್ತಿಸುವುದೂ ಉಂಟು.

ಸಾಬೀತು ಮಾಡುವ ದಾರಿ: 3′ ಯುಟಿಆರ್‌ಗೆ (ಆರ್‌ಎನ್‌ಎಯಲ್ಲಿ ಪ್ರೋಟೀನ್ ಆಗದ ತುದಿ) ಗುರಿಯಿಟ್ಟ ಹೇರ್‌ಪಿನ್‌ನಿಂದ ಒಳಗಿನ ಇಝಡ್‌ಎಚ್2 ಇಳಿಸಿ, ಆ ಯುಟಿಆರ್ ಇಲ್ಲದ ಮೂರು ವೆಕ್ಟರ್ (ಜೀನ್ ಹೊತ್ತೊಯ್ಯುವ ಡಿಎನ್‌ಎ) ಹಾಕಿ: ಸಹಜ ರೂಪ, ಕಿಣ್ವಶಕ್ತಿ ಸತ್ತ ಎಚ್689ಎ, ಖಾಲಿ. ಎಚ್689ಎ ಕೋಶವನ್ನು ಉಳಿಸಿದರೆ ಬೆಳವಣಿಗೆಗೆ ಮಿಥೈಲ್ ಹಚ್ಚುವ ಕೆಲಸ ಬೇಕಿಲ್ಲ. ಎಡವುವುದು ಪ್ರಮಾಣದಲ್ಲಿ. ಸಹಜ ಮಟ್ಟಕ್ಕಿಂತ ಹತ್ತುಪಟ್ಟು ಪ್ರೋಟೀನ್ ತುಂಬಿಸಿದರೆ ಯಾವ ಫಲಿತಾಂಶವನ್ನೂ ನಂಬುವಂತಿಲ್ಲ.

ಕಿಣ್ವಿ: ಮುಂದಿನ ಹೆಜ್ಜೆ ಡಿಗ್ರೇಡರ್ (ಪ್ರೋಟೀನನ್ನೇ ಒಡೆಸಿಹಾಕುವ ಔಷಧ) ತಾನೆ? ಇದೇ ಕೋಶಗಳಲ್ಲಿ ಎಂಎಸ್1943 ಎಂಬ ಡಿಗ್ರೇಡರ್ ಕೆಲಸ ಮಾಡಿದೆ. ಪ್ರೊಟ್ಯಾಕ್ (ಗುರಿ ಪ್ರೋಟೀನಿಗೂ ಅದನ್ನು ಒಡೆಯಲು ಗುರುತು ಹಾಕುವ ಲೈಗೇಸ್ ಕಿಣ್ವಕ್ಕೂ ಸೇತುವೆಯಾಗುವ ಡಿಗ್ರೇಡರ್) ಆರಿಸಿಕೊಂಡರೆ ಒಂದೇ ಡೋಸ್ ನೋಡಬೇಡಿ, 10 ನ್ಯಾನೊಮೋಲಾರ್‌ನಿಂದ 10 ಮೈಕ್ರೊಮೋಲಾರ್‌ವರೆಗೆ ನೋಡಿ. ಔಷಧ ಅತಿಯಾದರೆ ಒಂದು ಅಣು ಇಝಡ್‌ಎಚ್2 ಮೇಲೆ, ಇನ್ನೊಂದು ಲೈಗೇಸ್ ಮೇಲೆ ಕೂತು ಸೇತುವೆಯೇ ಕಟ್ಟುವುದಿಲ್ಲ, ಪ್ರೋಟೀನ್ ಮತ್ತೆ ಏರುತ್ತದೆ. ಲೈಗೇಸ್ ಹಿಡಿಯಲಾಗದಂತೆ ತಿದ್ದಿದ ಅದೇ ಅಣುವನ್ನು ಕಂಟ್ರೋಲ್ ಆಗಿ ಇಡಿ.

ಇನ್ನೊಂದು: ಎಂಎಸ್177 ಎಂಬ ಪ್ರೊಟ್ಯಾಕ್ ಇಝಡ್‌ಎಚ್2 ಜೊತೆ ಸಿ-ಮಿಕ್ ಅನ್ನೂ ಇಳಿಸುತ್ತದೆ. ಅಲ್ಲಿ ಕೋಶ ಸತ್ತರೆ ಕೀರ್ತಿ ಯಾರಿಗೆ? ಸೆರೆಬ್ಲಾನ್ (ಒಂದು ಲೈಗೇಸ್‌ನ ಭಾಗ) ಬಳಸುವ ಅಣುವಾದರೆ ಜಿಎಸ್‌ಪಿಟಿ1 (ಕೋಶಕ್ಕೆ ಬೇಕೇಬೇಕಾದ ಪ್ರೋಟೀನ್) ಬ್ಲಾಟ್ ಕೂಡ ಮಾಡಿ. ಅದು ಇಳಿದರೂ ಕೋಶ ಸಾಯುತ್ತದೆ.

ಪಿಪೆಟ್‌ಪ್ರಿಯ: ಯುಟಿಆರ್ ಹೇರ್‌ಪಿನ್ ಒಂದೇ ಇದೆ. ಸಾಕೇ?

ಬ್ಲಾಟ್‌ರಾಯ: ಸಾಲದು, ಬೇರೆ ಜಾಗದ್ದು ಇನ್ನೊಂದು ಮಾಡಿಸಿ. ಒಂದೇ ಹೇರ್‌ಪಿನ್ ಆದರೆ ಬೇರೆ ಜೀನ್‌ಗೆ ತಗುಲಿದ ಅಡ್ಡಪರಿಣಾಮ ಅಂತ ತಳ್ಳಿಹಾಕುತ್ತಾರೆ.