ಅಪ್‌ಡೇಟ್: ಹೌಲೆಂಡ್ ಹೆಂಡತಿ ಯಾರ ಮಗಳು ಅಂತ ಗೊತ್ತಾಯ್ತು

ನನ್ನ ಗಂಡ ಅಮೆರಿಕದವರು. 1620ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ವಲಸಿಗರನ್ನು ತಂದ ಮೇಫ್ಲವರ್ ಹಡಗಿನಲ್ಲಿ ಬಂದ ಅವರ ಪೂರ್ವಜ ಜಾನ್ ಹೌಲೆಂಡ್, ಆ ವಲಸಿಗರು ಕಟ್ಟಿದ ಪ್ಲಿಮತ್ ವಸಾಹತಿನ ಮೊದಲ ಗವರ್ನರ್ ಕಾರ್ವರ್‌ಗೆ ಅಳಿಯನಾ ಅಂತ ಕೇಳಿದ್ದೆ. ಮನೆಯ ಹಳೇ ವಂಶವೃಕ್ಷದಲ್ಲಿ ಹಾಗಿತ್ತು.

ಅಲ್ಲವೇ ಅಲ್ಲ! ಹೆಂಡತಿ ಎಲಿಜಬೆತ್, ಅದೇ ಹಡಗಿನ ಜಾನ್ ಟಿಲ್ಲಿಯ ಮಗಳು ಅಂತ, ಕಾರ್ವರ್ ನಂತರ ಗವರ್ನರ್ ಆದ ಬ್ರಾಡ್‌ಫರ್ಡ್ ಬರೆದಿಟ್ಟಿದ್ದಾರೆ. ಆ ಹಸ್ತಪ್ರತಿ ಕಾಣೆಯಾಗಿ, ಲಂಡನ್ನಿನಲ್ಲಿ ಸಿಕ್ಕಿ, ಪೂರ್ತಿ ಅಚ್ಚಾಗಿದ್ದು 1856ರಲ್ಲಿ. ಅಷ್ಟರಲ್ಲಿ ತಪ್ಪು ಕತೆ ಹಬ್ಬಿಬಿಟ್ಟಿತ್ತು. ಹೌಲೆಂಡ್ ಕಾರ್ವರ್ ಮನೆಯ ಆಳಾಗಿ ಬಂದಿದ್ದ, ಅದಕ್ಕೇ ಗೊಂದಲ ಇರಬೇಕು.

ದಾರಿಯಲ್ಲಿ ಬಿರುಗಾಳಿಗೆ ಸಮುದ್ರಕ್ಕೆ ಬಿದ್ದು, ಹಗ್ಗ ಹಿಡಿದು ಬದುಕಿದನಂತೆ. ಆಮೇಲೆ 10 ಮಕ್ಕಳು! ಆ ಹಗ್ಗ ಇಲ್ಲದಿದ್ದರೆ ನನ್ನ ಗಂಡನೂ ಇಲ್ಲ, ಅಲ್ವಾ?

ಹೌಲೆಂಡ್ ಸಾವಿನ ವರ್ಷ ಒಂದು ಕಡೆ 1672, ಇನ್ನೊಂದು ಕಡೆ 1673 ಅಂತಿತ್ತು. ಎರಡೂ ಸರಿ. ಆಗ ಇಂಗ್ಲಿಷರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಅವನು ತೀರಿಕೊಂಡಿದ್ದು ಫೆಬ್ರವರಿಯಲ್ಲಿ, ಹಾಗಾಗಿ ಆಗಿನ ಲೆಕ್ಕಕ್ಕೆ 1672, ಈಗಿನ ಲೆಕ್ಕಕ್ಕೆ 1673.